ನೆಲಮಾಳಿಗೆಯ ಕೋಣೆಗೆ ಹಿತವಾದ ಬೆಳಕು

ನಗರಗಳಲ್ಲಿ ನಿವೇಶನಗಳು ಕಿರಿದಾದಂತೆ ನೆಲಮಾಳಿಗೆಯೂ ವಾಸದ ಕೋಣೆಯಾಗುತ್ತಿದೆ. ಮಕ್ಕಳ ಓದು, ಹಿರಿಯರ ವಿಶ್ರಾಂತಿ, ಮನೆಯಿಂದಲೇ ಮಾಡುವ ಕಚೇರಿ ಕೆಲಸ ಅಲ್ಲಿ ನಡೆಯುತ್ತವೆ. ಕಿಟಕಿಯಿಲ್ಲದ, ಏಳೆಂಟು ಅಡಿ ಎತ್ತರದ ಇಂತಹ ಕೋಣೆಯಲ್ಲಿ ದೀಪವೇ ಹಗಲು. ಆದುದರಿಂದ ಎಲ್‌ಇಡಿ ಪ್ಯಾನೆಲ್‌ಗಳ ಆಯ್ಕೆ ನಮ್ಮ ಕಣ್ಣಿಗೂ ನಿದ್ರೆಗೂ ನೇರವಾಗಿ ಸಂಬಂಧಿಸಿದ್ದು.

ತಗ್ಗು ಚಾವಣಿಯ ಮೊದಲ ತೊಂದರೆಯೆಂದರೆ ಕಣ್ಣು ಕುಕ್ಕುವ ಪ್ರಖರತೆ. ದೀಪವು ಹತ್ತಿರದಲ್ಲಿರುವುದರಿಂದ ಬೇಡವೆಂದರೂ ದೃಷ್ಟಿಗೆ ಬೀಳುತ್ತದೆ. ಆದಕಾರಣ ಪ್ರಖರವಾದ ಒಂದೇ ಪ್ಯಾನೆಲ್‌ಗಿಂತ, ಹಾಲುಬಣ್ಣದ ಹೊದಿಕೆಯುಳ್ಳ ಸಣ್ಣ ಪ್ಯಾನೆಲ್‌ಗಳನ್ನು ನಾಲ್ಕು ಕಡೆ ಹಂಚಿ ಕೂರಿಸುವುದು ಲೇಸು. ಚಾವಣಿಯೊಳಗೆ ಹುದುಗಿಸುವ ಪ್ಯಾನೆಲ್‌ಗೆ ಫಾಲ್ಸ್ ಸೀಲಿಂಗ್ ಬೇಕು. ಅದು ಇರುವ ಎತ್ತರವನ್ನೂ ಕಸಿದುಕೊಳ್ಳುತ್ತದೆ. ತಾರಸಿಗೆ ನೇರವಾಗಿ ಅಂಟಿಕೊಂಡು ನಿಲ್ಲುವ ತೆಳುವಾದ ಸರ್ಫೇಸ್ ಪ್ಯಾನೆಲ್ ಇಲ್ಲಿ ಸೂಕ್ತ.

ಎಷ್ಟು ಬೆಳಕು ಬೇಕು? ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಮಾನ್ಯ ಬಳಕೆಗೆ 150 ಲಕ್ಸ್, ಓದುಬರಹಕ್ಕೆ 300 ಲಕ್ಸ್ ಸಾಕು. 10 ಅಡಿಗೆ 12 ಅಡಿಯ ಕೋಣೆ ಸುಮಾರು 11 ಚದರ ಮೀಟರ್. ಅದಕ್ಕೆ 1,650 ಲ್ಯೂಮೆನ್ ಬೆಳಕು ಬೇಕು. ಗೋಡೆ, ಧೂಳುಗಳಿಂದಾಗುವ ನಷ್ಟವನ್ನೂ ಸೇರಿಸಿ 2,400 ಲ್ಯೂಮೆನ್ ಎಂದಿಟ್ಟುಕೊಳ್ಳೋಣ. ಒಂದು ವ್ಯಾಟಿಗೆ 100 ಲ್ಯೂಮೆನ್ ನೀಡುವ, 6 ವ್ಯಾಟಿನ ನಾಲ್ಕು ಪ್ಯಾನೆಲ್‌ಗಳು ಇದನ್ನು ಪೂರೈಸುತ್ತವೆ. ಓದಲು ಪ್ರತ್ಯೇಕ ಮೇಜುದೀಪವಿರಲಿ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ಇಪ್ಪತ್ತರ ಯುವಕರಿಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ತಲುಪುತ್ತದೆ. ಪೊರೆ ಬಂದ ಕಣ್ಣಿಗೆ ಪ್ರಖರತೆಯೂ ಹೆಚ್ಚು ಬಾಧಿಸುತ್ತದೆ. ಅವರಿಗೆ ಪುಟದ ಮೇಲೆ ಮಾತ್ರ ಬೀಳುವ ಮೇಜುದೀಪವೇ ಹಿತಕರ.

ಬೆಳಕಿನ ಬಣ್ಣವನ್ನೂ ಗಮನಿಸಬೇಕು. ಬಿಳಿ ಎಲ್‌ಇಡಿಯ ಮೂಲದಲ್ಲಿರುವುದು ನೀಲಿ ಬೆಳಕು. ಅದರ ಒಂದು ಭಾಗವನ್ನು ಹಳದಿ ಲೇಪನವು ಬದಲಿಸಿದಾಗ ನಮಗೆ ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಅಕ್ಷಿಪಟಲದ ಕೆಲವು ಕೋಶಗಳು ನೀಲಿ ಬೆಳಕನ್ನು ಗ್ರಹಿಸಿ ‘ಇನ್ನೂ ಹಗಲಿದೆ’ ಎಂದು ಮೆದುಳಿಗೆ ತಿಳಿಸುತ್ತವೆ. ಆಗ ನಿದ್ರೆಗೆ ನೆರವಾಗುವ ಮೆಲಟೋನಿನ್ ಕುಗ್ಗುತ್ತದೆ. ಆದ್ದರಿಂದ ಹಗಲಿನ ಕೆಲಸಕ್ಕೆ 4000 ಕೆಲ್ವಿನ್, ಸಂಜೆಯ ನಂತರ 2700ರಿಂದ 3000 ಕೆಲ್ವಿನ್‌ನ ಹೊಂಬಣ್ಣದ ಬೆಳಕು ಯೋಗ್ಯ. 6500 ಕೆಲ್ವಿನ್‌ನ ನೀಲಿಛಾಯೆಯ ಬಿಳಿ ಬೆಳಕನ್ನು ರಾತ್ರಿ ವರ್ಜಿಸುವುದು ಒಳಿತು. ಸ್ವಿಚ್ಚನ್ನು ಆರಿಸಿ ಹಾಕಿದರೆ ಬಣ್ಣ ಬದಲಾಗುವ ಪ್ಯಾನೆಲ್‌ಗಳೂ ದೊರೆಯುತ್ತವೆ.

ಅಗ್ಗದ ಡ್ರೈವರ್ ಇರುವ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಇದು ತಲೆನೋವು ತರುತ್ತದೆ. ದೀಪದತ್ತ ಮೊಬೈಲ್ ಕ್ಯಾಮೆರಾ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಕಂಡರೆ ಅದನ್ನು ಬಿಟ್ಟು ಬೇರೊಂದನ್ನು ಕೊಳ್ಳಬೇಕು. ಫ್ಯಾನಿನ ರೆಕ್ಕೆಗಳ ಮೇಲ್ಭಾಗದಲ್ಲಿಯೂ ಪ್ಯಾನೆಲ್ ಕೂರಿಸಬಾರದು. ಓಡುವ ನೆರಳು ಓದುವವರನ್ನು ಬಳಲಿಸುತ್ತದೆ. ನೆಲಮಾಳಿಗೆಯಲ್ಲಿ ತೇವವಿದ್ದರೆ ಮೊದಲು ಅದನ್ನು ಸರಿಪಡಿಸಿ, ಭಾರತೀಯ ಮಾನಕ ಬ್ಯೂರೋದ ಗುರುತುಳ್ಳ ಪ್ಯಾನೆಲ್‌ಗಳನ್ನೇ ಪರಿಣತರಿಂದ ಜೋಡಿಸಿಸಬೇಕು.

ಇಷ್ಟೆಲ್ಲ ಮಾಡಿದರೂ ಯಾವ ದೀಪವೂ ಸೂರ್ಯನಿಗೆ ಸಮನಾಗದು. ಮೋಡ ಕವಿದ ಹಗಲಿನಲ್ಲಿಯೂ ಬಯಲಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ಮನೆಯ ದೀಪದಿಂದ ‘ಡಿ’ ಜೀವಸತ್ವ ದೊರೆಯದು. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ಸಂಭವವೂ ಕಡಿಮೆ. ಆದುದರಿಂದ ನೆಲಮಾಳಿಗೆಯಲ್ಲಿ ದಿನ ಕಳೆಯುವ ಮಕ್ಕಳನ್ನೂ ಹಿರಿಯರನ್ನೂ ಪ್ರತಿದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಅಂಗಳಕ್ಕೆ ಕರೆತರುವುದನ್ನು ನಾವು ಮರೆಯದಿರೋಣ.