ಜಿಕೆವಿಕೆಯ ನೋಟಿಸ್ ಬೋರ್ಡು

ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ಕಡೆ ಹೊರಟ ಬಿಎಂಟಿಸಿ ಬಸ್ಸಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಗಳು ಮೇಲಿನ ರಸ್ತೆ ಹಿಡಿದು ಹಾರಿಹೋಗುತ್ತವೆ. ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಬಸ್ಸು, ಆಟೊ, ಸ್ಕೂಟರುಗಳ ನೂಕಾಟ. ಕೊಡಿಗೇಹಳ್ಳಿ ಗೇಟು ದಾಟುತ್ತಿದ್ದಂತೆ ಕಂಡಕ್ಟರ್ "ಜಿಕೆವಿಕೆ ಇಳಿಯೋರು ಮುಂದೆ ಬನ್ನಿ" ಎಂದು ಕೂಗುತ್ತಾನೆ. ಬೆನ್ನಿಗೆ ಬ್ಯಾಗು ಏರಿಸಿದ, ಕೈಯಲ್ಲಿ ರೆಕಾರ್ಡ್ ಬುಕ್ ಹಿಡಿದ ಹುಡುಗ ಹುಡುಗಿಯರ ಗುಂಪೊಂದು ಇಳಿಯುತ್ತದೆ. ಅವರ ಹಿಂದೆಯೇ ಪಂಚೆಯುಟ್ಟ ಯಜಮಾನರೊಬ್ಬರು ಇಳಿಯುತ್ತಾರೆ. ಹೆಗಲ ಮೇಲೆ ಟವೆಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬಾಡಿದ ನಾಲ್ಕು ಎಲೆ. ಎಲ್ಲರೂ ಹೊಗುವುದು ಒಂದೇ ಗೇಟನ್ನು.

ಬೆಂಗಳೂರಿನ ಉತ್ತರಕ್ಕೆ ಈಗ ಕಾಲೇಜುಗಳಿಗೆ ಬರವಿಲ್ಲ. ಯಲಹಂಕದ ಸುತ್ತ ಎತ್ತ ತಿರುಗಿದರೂ ಎಂಜಿನಿಯರಿಂಗ್ ಕಾಲೇಜಿನ ಹಳದಿ ಬಸ್ಸು, ಖಾಸಗಿ ವಿಶ್ವವಿದ್ಯಾಲಯದ ದೊಡ್ಡ ಫಲಕ. ಆದರೆ ಓದುವವರೂ ಉಳುವವರೂ ಒಂದೇ ಬಾಗಿಲಲ್ಲಿ ಒಳಬರುವ ವಿಶ್ವವಿದ್ಯಾಲಯ ಅಪರೂಪ. ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಎಂಬ ಪೂರ್ತಿ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಜಿಕೆವಿಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಈ ಆವರಣ ಸುಮಾರು 1300 ಎಕರೆ. ಗೇಟಿನಿಂದ ಒಳಗೆ ನೂರು ಹೆಜ್ಜೆ ನಡೆದರೆ ಹಾರ್ನಿನ ಸದ್ದು ಅಡಗಿ ನವಿಲಿನ ಕೂಗು ಕೇಳಿಸುತ್ತದೆ. ರಸ್ತೆಯಾಚೆ ಜಕ್ಕೂರಿನ ವೈಮಾನಿಕ ಶಾಲೆಯ ಪುಟ್ಟ ವಿಮಾನಗಳು ಆಗಾಗ ತಲೆಯ ಮೇಲೆ ಗುಂಯ್‌ಗುಡುತ್ತವೆ. ಕೆಳಗೆ ತಾಕುಗಳಲ್ಲಿ ರಾಗಿ, ತೊಗರಿ, ಅವರೆ, ನೆಲಗಡಲೆ.

ಕಾಲೇಜು ಕಟ್ಟಡದ ಮೊಗಸಾಲೆಯಲ್ಲಿ ನೋಟಿಸ್ ಬೋರ್ಡು ಇದೆ. ಮೊಬೈಲಿನ ಗ್ರೂಪುಗಳು ಬಂದು ಎಷ್ಟೋ ವರ್ಷವಾದರೂ ಅದರ ಮುಂದೆ ಜನ ನಿಲ್ಲುವುದು ನಿಂತಿಲ್ಲ. ಅಲ್ಲಿ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ, ಹಾಸ್ಟೆಲ್ ಮೆಸ್ಸಿನ ಬಾಕಿದಾರರ ಪಟ್ಟಿ, ಎನ್ನೆಸ್ಸೆಸ್ ಶಿಬಿರದ ಪ್ರಕಟಣೆ. ಅಂತರ ಕಾಲೇಜು ಕ್ರೀಡಾಕೂಟದ ಆಯ್ಕೆಗೂ, ದೇಶದ ಕೃಷಿ ವಿಶ್ವವಿದ್ಯಾಲಯಗಳೆಲ್ಲ ಸೇರುವ ಅಗ್ರಿ ಯುನಿಫೆಸ್ಟ್ ತಂಡಕ್ಕೂ ಕರೆ ಬರುವುದು ಇಲ್ಲಿಯೇ. ಇವುಗಳಲ್ಲಿ ಹೆಚ್ಚಿನವು ಯಾವ ಕಾಲೇಜಿನಲ್ಲೂ ಇರುವಂಥವು. ಅದರ ಪಕ್ಕದಲ್ಲೇ ಕೃಷಿ ಕಾಲೇಜಲ್ಲದ ಕಡೆ ಕಾಣದ ಎರಡು ಪಟ್ಟಿಗಳು ಬೀಳುತ್ತವೆ. ಒಂದು, ಯಾವ ವಿದ್ಯಾರ್ಥಿ ಯಾವ ಹಳ್ಳಿಗೆ ಹೋಗಿ ಇರಬೇಕು ಎಂಬುದು. ಇನ್ನೊಂದು, ಕೃಷಿ ಮೇಳದಲ್ಲಿ ಯಾರಿಗೆ ಯಾವ ಕೆಲಸ ಎಂಬುದು. ಈ ಎರಡು ಪಟ್ಟಿ ಅಂಟಿಸಿದ ದಿನ ಬೋರ್ಡಿನ ಮುಂದೆ ನೂಕುನುಗ್ಗಲು. "ಯಾವೂರೋ ನಿಂಗೆ?" "ಬಸ್ಸೈತೇನೋ ಅಲ್ಲಿಗೆ?" "ನಮ್ ಗುಂಪಲ್ಲಿ ಅಡುಗೆ ಬರೋರು ಯಾರೂ ಇಲ್ಲ ಕಣೇ!"

ಈ ಪಟ್ಟಿಗಳ ಬೇರು ಹಳೆಯದು. 1899ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು, ರಸಾಯನಶಾಸ್ತ್ರಜ್ಞ ಡಾ. ಲೇಮನ್ ಅವರ ಕೈಯಲ್ಲಿ ಕೃಷಿ ಸಂಶೋಧನೆ ಆರಂಭಿಸಿದರು. 1913ರಲ್ಲಿ ಅಲ್ಲಿಯೇ ಕೃಷಿ ಶಾಲೆ ಬಂತು. ಅದರ ಹಿಂದೆ ಇದ್ದವರು ಕೆನಡಾದ ಕೀಟತಜ್ಞ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ದಾರಿ ತೋರಿದವರು. 1946ರಲ್ಲಿ ಶಾಲೆ ಕಾಲೇಜಾಯಿತು, 1964ರಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಮೊದಲ ಕುಲಪತಿ ಡಾ. ಕೆ.ಸಿ. ನಾಯಕ್. ಅಮೆರಿಕದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದದ್ದು ಆಗ. ವಿಸ್ತರಣೆ ಎಂದರೆ ಪ್ರಯೋಗಾಲಯದಲ್ಲಿ ಕಂಡದ್ದನ್ನು ರೈತನ ಹೊಲಕ್ಕೆ ಮುಟ್ಟಿಸುವುದು, ಹೊಲದ ತೊಂದರೆಯನ್ನು ಪ್ರಯೋಗಾಲಯಕ್ಕೆ ತರುವುದು. ಹಳ್ಳಿಯ ಪಟ್ಟಿಯೂ ಮೇಳದ ಪಟ್ಟಿಯೂ ಬೋರ್ಡಿಗೆ ಬಂದದ್ದು ಆ ದಾರಿಯಿಂದ.

ಇಲ್ಲಿ ತರಗತಿಗೆ ಗೋಡೆ ಇರಲೇಬೇಕೆಂದಿಲ್ಲ. ಬಿ.ಎಸ್ಸಿ. ಕೃಷಿ ನಾಲ್ಕು ವರ್ಷದ ಓದು. ಬೆಳಗಿನ ಪ್ರಾಯೋಗಿಕ ತರಗತಿಗೆ ಹುಡುಗರು ತಾಕಿಗೆ ಇಳಿಯುತ್ತಾರೆ. ಕೆಲವರ ಕೈಗೆ ಕುಡುಗೋಲು, ವಾರೆಕುಡುಗೋಲು ಹುಟ್ಟಿನಿಂದ ಬಂದಂತೆ ಒಗ್ಗಿರುತ್ತದೆ. ನಗರದ ಅಪಾರ್ಟ್‌ಮೆಂಟಿನಿಂದ ಬಂದವರಿಗೆ ಮೊದಲ ವಾರವೇ ಬೊಬ್ಬೆ. ಎಂಟು ದಿನ ಹೋದರೆ ಇಬ್ಬರ ಶೂಗೂ ಒಂದೇ ಕೆಮ್ಮಣ್ಣು. ಮಣ್ಣಿನ ಮಾದರಿ ತೆಗೆಯುವುದನ್ನು ಕಲಿಯುವ ದಿನ ನೋಡಬೇಕು. ಮೇಲಿನ ಕಸಕಡ್ಡಿ ಸರಿಸಿ, 'ವಿ' ಆಕಾರದಲ್ಲಿ ಆರಿಂಚು ಆಳದ ಗುಂಡಿ ತೋಡಿ, ಗುಂಡಿಯ ಬದಿಯಿಂದ ಮೇಲಿಂದ ಕೆಳಕ್ಕೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು ಬಕೆಟ್ಟಿಗೆ ಹಾಕಬೇಕು. ಹೊಲದ ಹತ್ತಾರು ಕಡೆ ಹೀಗೆ ತೆಗೆದದ್ದನ್ನು ಗೋಣಿಯ ಮೇಲೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿ ಮಿಕ್ಕದ್ದು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೆ ಇದೇ ಕೆಲಸ. ಬದುವಿನ ಪಕ್ಕದಲ್ಲೋ ಮರದ ನೆರಳಲ್ಲೋ ಸುಲಭಕ್ಕೆ ಅಗೆದು ತಂದರೆ ಮೇಷ್ಟ್ರಿಗೆ ಗೊತ್ತಾಗಿಬಿಡುತ್ತದೆ.

ತಾಕುಗಳ ಅಂಚಿನಲ್ಲಿ ತಗಡಿನ ಫಲಕಗಳು ನಿಂತಿವೆ: ಜಿಪಿಯು-28, ಎಂಎಲ್-365, ಎಚ್ಎ-4. ಮೊದಲಿನ ಎರಡು ರಾಗಿ, ಕೊನೆಯದು ಹೆಬ್ಬಾಳ ಅವರೆ. ಜಿಪಿಯು-28 ತೆನೆಯ ಕುತ್ತಿಗೆ ಮುರಿಯುವ ಇಲುಕು ರೋಗವನ್ನು ತಡೆದುಕೊಳ್ಳುವ ತಳಿ ಎಂದು ಹೆಸರಾದದ್ದು, ಇದೇ ಆವರಣದ ಕೂಸು. ದೇಶದ ಕಿರುಧಾನ್ಯಗಳ ಸಂಶೋಧನೆಯ ಸಮನ್ವಯವೂ ಹಲವು ವರ್ಷ ಇಲ್ಲಿಂದಲೇ ನಡೆದಿತ್ತು. ಆ ಫಲಕಗಳ ನಡುವೆ ನಡೆಯುವ ಹುಡುಗನ ಮನೆಯಲ್ಲಿ ಅಜ್ಜಿ ಬೇಯಿಸುವ ಮುದ್ದೆಯೂ ಅದೇ ಹಿಟ್ಟಿನದಾಗಿರಬಹುದು.

ಏಳನೆಯ ಸೆಮಿಸ್ಟರಿಗೆ ಹಳ್ಳಿಯ ಪಟ್ಟಿ ಬರುತ್ತದೆ. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಅದರ ಹೆಸರು, ಹುಡುಗರ ಬಾಯಲ್ಲಿ 'ರಾವೆ'. ಹಾಸಿಗೆ, ಬಕೆಟ್ಟು, ಸ್ಟೌ ಕಟ್ಟಿಕೊಂಡು ಗುಂಪು ಗುಂಪಾಗಿ ಹೊರಡುತ್ತಾರೆ. ಸಮುದಾಯ ಭವನವೋ ಖಾಲಿ ಬಿದ್ದ ಮನೆಯೋ ಅವರ ಬಿಡಾರ. ಊರಿಗೆ ಬಂದ ಮೇಲಿನ ಮೊದಲ ದೊಡ್ಡ ಕೆಲಸ ನಕ್ಷೆ ಬರೆಯುವುದು, ಅದೂ ದೇವಸ್ಥಾನದ ಮುಂದಿನ ನೆಲದ ಮೇಲೆ, ರಂಗೋಲಿಯಲ್ಲಿ.

ಬೆಳಿಗ್ಗೆ ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿರುತ್ತದೆ. ಒಬ್ಬಳು ಬಿಳಿ ಪುಡಿಯಲ್ಲಿ ಊರ ರಸ್ತೆ ಎಳೆಯುತ್ತಾಳೆ. ಇನ್ನೊಬ್ಬ ಕೆರೆಗೆ ನೀಲಿ ತುಂಬುತ್ತಾನೆ. ಶಾಲೆ, ಡೇರಿ, ಅರಳಿಕಟ್ಟೆ, ಓವರ್‌ಹೆಡ್ ಟ್ಯಾಂಕು ಒಂದೊಂದಾಗಿ ಎದ್ದು ನಿಲ್ಲುತ್ತವೆ. ರಾಗಿ ಹೊಲಕ್ಕೆ ಹಸಿರು, ನೀಲಗಿರಿ ತೋಪಿಗೆ ಇನ್ನೊಂದು ಹಸಿರು, ದ್ರಾಕ್ಷಿ ತೋಟಕ್ಕೆ ನೇರಳೆ. ಮೊದಮೊದಲು ದೂರ ನಿಂತು ನೋಡುತ್ತಿದ್ದ ಊರಿನವರು ತಪ್ಪು ಕಂಡ ಕೂಡಲೇ ಹತ್ತಿರ ಬರುತ್ತಾರೆ.

"ಆ ಬೋರು ಅಲ್ಲಲ್ಲ ಕಣಮ್ಮ, ಗುಂಡುತೋಪಿನ ಹಿಂದಕ್ಕೆ ಹಾಕು."

"ಅದ್ರಲ್ಲಿ ನೀರಿದ್ಯಾ ಅಣ್ಣ?"

"ಎಲ್ಲಿ ನೀರು? ಬತ್ತೋಗಿ ಮೂರು ವರ್ಷ ಆಯ್ತು. ಈಗ ಹೊಸದು ಸಾವಿರದಿನ್ನೂರು ಅಡಿ."

ಹುಡುಗಿ ಅಲ್ಲೊಂದು ಕಪ್ಪು ಚುಕ್ಕೆ ಇಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ನಕ್ಷೆಯಲ್ಲಿ ಹಸಿರಿಗಿಂತ ಕಪ್ಪು ಚುಕ್ಕೆಯೇ ಹೆಚ್ಚು. ಅಂತರ್ಜಲದ ಪಾಠ ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದಿಲ್ಲ. ಆಮೇಲಿನ ವಾರಗಳಲ್ಲಿ ಬೀಜೋಪಚಾರ, ಅಜೋಲಾ ತೊಟ್ಟಿ, ಎರೆಗೊಬ್ಬರದ ಗುಂಡಿ, ಮನೆಮನೆಯ ಸಮೀಕ್ಷೆ. ಸಂಜೆ ಡೇರಿಯ ಮುಂದೆ ಹಾಲು ಹಾಕಲು ಬಂದವರ ಜೊತೆ ಮಾತು. ಕೊನೆಗೊಂದು ವಸ್ತುಪ್ರದರ್ಶನ, ಅದಕ್ಕೆ ಊರಿಗೆ ಊರೇ ಬರುತ್ತದೆ. ಹೊರಡುವ ದಿನ ಹೆಂಗಸರು ಮಡಿಲು ತುಂಬಿಸುವುದೂ ಉಂಟು.

ಎರಡನೆಯ ಪಟ್ಟಿಯ ಕಾಲ ನವೆಂಬರು. ತಿಂಗಳ ನಡುವೆ ನಾಲ್ಕು ದಿನ ಕೃಷಿ ಮೇಳ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯದ ಕಡೆಯಿಂದ ಬಸ್ಸು, ಟೆಂಪೊ ಮಾಡಿಕೊಂಡು ಜನ ಬರುತ್ತಾರೆ. ಗೇಟಿನ ಮುಂದಿನ ಬಳ್ಳಾರಿ ರಸ್ತೆಯ ಟ್ರಾಫಿಕ್ ಪೊಲೀಸರಿಗೆ ಆ ನಾಲ್ಕು ದಿನ ಪುರುಸೊತ್ತಿಲ್ಲ. ಒಳಗೆ ದೂಳು, ಮೈಕು, ಟ್ರ್ಯಾಕ್ಟರಿನ ಸದ್ದು, ಮುದ್ದೆ ಸಾರಿನ ಘಮ. ಒಂದು ಕಡೆ ಡ್ರೋನು ಔಷಧಿ ಸಿಂಪಡಿಸುವುದನ್ನು ಕತ್ತೆತ್ತಿ ನೋಡುವವರು. ಇನ್ನೊಂದು ಕಡೆ ಹಳ್ಳಿಕಾರ್ ಹೋರಿಯ ಮುಂದೆ ಸೆಲ್ಫಿಗೆ ನಿಂತವರು. 2021ರ ಮೇಳದಲ್ಲಿ 'ಕೃಷ್ಣ' ಎಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿ ಬೆಲೆ ಎಂಬ ಸುದ್ದಿ ಹಬ್ಬಿ, ಅದರ ಸುತ್ತ ಜನಜಾತ್ರೆಯೇ ನೆರೆದಿತ್ತು.

ಟೀವಿಯವರು ಹೋರಿಯ ಹಿಂದೆ ಹೋಗುತ್ತಾರೆ. ಮೇಳದ ಜೀವ ಇರುವುದು ಮಾತ್ರ ಮಳಿಗೆಯ ಮೇಜುಗಳಲ್ಲಿ. ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡ ಹುಡುಗಿ ಅಲ್ಲಿ ನಿಂತಿದ್ದಾಳೆ. ಅವಳ ಮುಂದೆ ಒಬ್ಬರು ಹಿರಿಯರು ಚೀಲ ಬಿಚ್ಚಿ ಮುಸುಕಿನ ಜೋಳದ ಸುಳಿ ಇಡುತ್ತಾರೆ. ಎಲೆ ಜಾಳುಜಾಳು, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ.

"ಏನಮ್ಮ ಇದು? ಔಷ್ದಿ ಹೊಡುದ್ರೂ ಸಾಯ್ತಾ ಇಲ್ಲ."

ಹುಡುಗಿ ಸುಳಿಯನ್ನು ಒಂದೊಂದೇ ಪದರ ಬಿಡಿಸುತ್ತಾಳೆ. ಒಳಗಿಂದ ಬೂದು ಬಣ್ಣದ ಹುಳ ಹೊರಳುತ್ತದೆ. ಅಂಗೈ ಮೇಲೆ ಇಟ್ಟು ಭೂತಗನ್ನಡಿ ಹಿಡಿಯುತ್ತಾಳೆ. "ಇಲ್ಲಿ ನೋಡಿ ತಾತ, ತಲೆ ಮೇಲೆ ತಲೆಕೆಳಗಾದ 'ವೈ' ಗುರುತು. ಬಾಲದ ಹತ್ರ ನಾಲ್ಕು ಕಪ್ಪು ಚುಕ್ಕಿ, ಚೌಕಾಕಾರಕ್ಕೆ. ಇದು ಫಾಲ್ ಸೈನಿಕ ಹುಳು. ನೀವು ಎಷ್ಟೊತ್ತಿಗೆ ಹೊಡುದ್ರಿ?"

"ಮಧ್ಯಾಹ್ನ, ಕೂಲಿಯವ್ರು ಸಿಕ್ಕಾಗ."

"ಬಿಸ್ಲಲ್ಲಿ ಇದು ಸುಳಿಯೊಳಗೆ ಅವಿತುಕೊಂಡಿರುತ್ತೆ ತಾತ. ಎಲೆ ಮೇಲೆ ಹೊಡುದ್ರೆ ಇದಕ್ಕೆ ತಾಕಲ್ಲ. ಸಂಜೆ ಹೊತ್ತು, ಸುಳಿಗೆ ಇಳಿಯೋ ಹಾಗೆ ಹೊಡೀಬೇಕು."

ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಗುರುತಿಸಿದವರು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು. ಈಗ ಈ ಸಣ್ಣ ವಯಸ್ಸಿನ ಹುಡುಗಿ ಅದನ್ನು ಅಂಗೈ ಮೇಲಿಟ್ಟು ರೈತರಿಗೆ ಗುರುತು ಹೇಳಿಕೊಡುತ್ತಾಳೆ. ಹಿರಿಯರು ಹುಳವನ್ನೂ ನೋಡುತ್ತಾರೆ, ಹುಡುಗಿಯನ್ನೂ ನೋಡುತ್ತಾರೆ. "ಯಾವೂರಮ್ಮ ನಿಂದು?" ಎಂಬ ಪ್ರಶ್ನೆ ಬಂತೆಂದರೆ ಅವಳು ಪರೀಕ್ಷೆ ಪಾಸಾದಳು ಎಂದೇ ಲೆಕ್ಕ.

ಸಂಜೆಯಾದ ಮೇಲೆ ಗ್ರಂಥಾಲಯದ ದೀಪಗಳ ಕೆಳಗೆ ಬೇರೊಂದು ಲೋಕ. ಅಲ್ಲಿ ಯಾರೂ ಮಾತಾಡುವುದಿಲ್ಲ. ಒಂದು ಮೇಜಿನಲ್ಲಿ ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆಗೆ ಓದುವವರು, ಇನ್ನೊಂದರಲ್ಲಿ ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ ಓದುವವರು, ಮೂಲೆಯಲ್ಲಿ ಕೆಎಎಸ್, ಐಎಫ್‌ಎಸ್ ಕನಸಿನವರು. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ 945 ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಇಂಥ ಮೇಜುಗಳಲ್ಲಿ ಕುರ್ಚಿ ಸಿಗುವುದೇ ಕಷ್ಟವಾಯಿತು. ಸಂಶೋಧನೆಯ ಆಸೆ ಇದ್ದವರು ದೂರ ಹೋಗಬೇಕಿಲ್ಲ. ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರ ಎನ್‌ಸಿಬಿಎಸ್ ಇರುವುದು ಜಿಕೆವಿಕೆ ಆವರಣದಲ್ಲೇ. ರಸ್ತೆಯಾಚೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಬಳ್ಳಾರಿ ರಸ್ತೆಯ ಈ ಭಾಗದಲ್ಲಿ ಓದುವ ಹುಡುಗರಿಗೆ ಇರುವಷ್ಟು ಬಾಗಿಲುಗಳು ರಾಜ್ಯದ ಬೇರೆ ಕಡೆ ಸಿಗುವುದು ಕಷ್ಟ.

ಆದರೂ ಒಂದು ಮಾತು ಹೇಳಬೇಕು. ಹಳ್ಳಿಯ ಪಟ್ಟಿ ಬಂದಾಗ ಅದನ್ನು ಹಾಜರಾತಿಯ ಕಾಟ ಎಂದುಕೊಳ್ಳುವವರಿದ್ದಾರೆ. ಹೇಗೋ ತಿಂಗಳು ದೂಡಿ ಬಂದು ಪರೀಕ್ಷೆಯ ಪುಸ್ತಕಕ್ಕೆ ಮರಳುವ ಅವಸರ ಅವರದು. ಪರೀಕ್ಷೆ ಪುಸ್ತಕದಿಂದ ಕೆಲಸ ಸಿಗಬಹುದು, ಒಪ್ಪೋಣ. ಕೆಲಸ ಸಿಕ್ಕಿದ ಮೇಲೆ ಎದುರಿಗೆ ಬಂದು ಕೂರುವವನು ಬತ್ತಿದ ಬೋರಿನ ರೈತ. ಸಾಲದ ಅರ್ಜಿ ಹಿಡಿದು ಬರುವವನೂ ಅವನೇ, ಬೆಳೆ ವಿಮೆ ಕೇಳುವವನೂ ಅವನೇ. ರಂಗೋಲಿ ನಕ್ಷೆಯಲ್ಲಿ ಕಪ್ಪು ಚುಕ್ಕೆ ಇಟ್ಟು ಬಂದ ಅಧಿಕಾರಿಗೆ ಅವನ ಮಾತು ಅರ್ಧಕ್ಕೇ ಅರ್ಥವಾಗುತ್ತದೆ, ಇಡದವರಿಗೆ ಇಡೀ ದಿನ ಹೇಳಿದರೂ ಆಗುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ಬರುವ ಅವಕಾಶಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಫೆಲೋಶಿಪ್ಪಿಗಿಂತ ಮೊದಲು ಆ ಹಳ್ಳಿಯ ಪಟ್ಟಿಯನ್ನೇ ತೋರಿಸಬೇಕು.

ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಸಿಇಟಿ ಅರ್ಜಿ ತುಂಬುವಾಗ ಎಂಜಿನಿಯರಿಂಗ್ ಜೊತೆಗೆ ಕೃಷಿಯ ಕಡೆಗೂ ಒಮ್ಮೆ ನೋಡಲಿ. ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ. ಅವುಗಳಿಗೆ ಜಮೀನಿನ ಸಂಬಂಧದ ದಾಖಲೆಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕು. ನವೆಂಬರಿನ ಮೇಳಕ್ಕೆ ಆ ಮಕ್ಕಳನ್ನು ಕರೆದುಕೊಂಡು ಬನ್ನಿ. ಹೋರಿ ನೋಡಿಯಾದ ಮೇಲೆ ಮಳಿಗೆಯ ಮೇಜಿನ ಮುಂದೆ ನಿಲ್ಲಿ, ಬ್ಯಾಡ್ಜು ಹಾಕಿದ ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಕೇಳಿ. ಮನೆಯ ಕುಂಡದ ಕರಿಬೇವಿಗೆ ಹುಳ ಬಿದ್ದಿದ್ದರೂ ಸರಿ, ಎಲೆ ತೆಗೆದುಕೊಂಡೇ ಬನ್ನಿ.