ಹೈಫಾದಲ್ಲಿ ಸತ್ತವರಿಗೆ ವೀರಗಲ್ಲು ಎಲ್ಲಿದೆ?

ಇವತ್ತು ನಾನು ಬೇಲೂರಿನಿಂದ ಮಾತಾಡ್ತಾ ಇದ್ದೀನಿ.

ಬೇಲೂರು, ಹಳೇಬೀಡು ಕಡೆ ಬೆಳೆದವರಿಗೆ ವೀರಗಲ್ಲು ಹೊಸದಲ್ಲ. ಚಿಕ್ಕವನಿದ್ದಾಗ ಅದಕ್ಕೆ ಒರಗಿ ಕೂತು ಆಡಿದ್ದೀನಿ. ಓದೋದು ಹೇಗೆ ಅಂತ ಆಮೇಲೆ ಗೊತ್ತಾಯ್ತು. ಸಾಮಾನ್ಯವಾಗಿ ಕೆಳಗಿನ ಸಾಲಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಶಾಸನ ಇದ್ರೆ, ಯಾರು, ಯಾಕೆ ಸತ್ತ ಅನ್ನೋದೂ ಸಿಗುತ್ತೆ.

ಸರಿ, ಸಮುದ್ರ ದಾಟಿ ಹೋಗಿ ಸತ್ತವನಿಗೆ ಕಲ್ಲು ಎಲ್ಲಿ?

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಬೇಲೂರು ಆಗ ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷರ ಪರವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ್ 50 ಲಕ್ಷ ರೂಪಾಯಿ ಕೊಟ್ಟರು. ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಅನ್ನೂ ಕಳಿಸಿದರು. ಲ್ಯಾನ್ಸರ್ ಅಂದ್ರೆ ಈಟಿ ಹಿಡಿದ ಸವಾರ. ಮೊದಲು ಈಜಿಪ್ಟಿನಲ್ಲಿ ಸುಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ಟೈನ್.

1918ರ ಸೆಪ್ಟೆಂಬರ್ 23. ಹೈಫಾ ಬಂದರು ತುರ್ಕಿ ಸೇನೆಯ ಕೈಯಲ್ಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ಬೆಟ್ಟದ ಮೇಲೆ ಫಿರಂಗಿ, ಮೆಷಿನ್ ಗನ್. ಮೈಸೂರಿನ ಸವಾರರ ಒಂದು ತಂಡ ಆ ಫಿರಂಗಿಗಳನ್ನು ಹಿಡಿಯೋಕೆ ಬೆಟ್ಟ ಹತ್ತಿತು. ಜೋಧಪುರದವರು ನೇರ ಊರಿನೊಳಕ್ಕೆ ನುಗ್ಗಿದರು. ಅವತ್ತೇ ಹೈಫಾ ಕೈಸೇರಿತು. ಭಾರತೀಯ ಪಡೆಯಲ್ಲಿ ಸತ್ತವರು 8 ಜನ, ಗಾಯಗೊಂಡವರು 34.

ಎಂಟೇ ಜನ ಅಲ್ವಾ, ಅನ್ನಿಸಬಹುದು. ಯುದ್ಧದ ಲೆಕ್ಕಕ್ಕೆ ಕಡಿಮೆ. ಎಂಟು ಮನೆಗಳ ಲೆಕ್ಕಕ್ಕೆ ಕಡಿಮೆ ಅಲ್ಲ. ಪರದೇಶದಲ್ಲಿ ಸತ್ತವರ ದೇಹವನ್ನು ಊರಿಗೆ ತರುವ ಪದ್ಧತಿ ಆಗ ಇರಲಿಲ್ಲ. ಮನೆಯವರಿಗೆ ಕೊನೇ ಸಲ ಮುಖ ನೋಡೋಕೂ ಆಗಲಿಲ್ಲ.

ಇವರ ನೆನಪು ಈಗ ಎಲ್ಲಿದೆ? ದೆಹಲಿಯ ತೀನ್ ಮೂರ್ತಿ ಹೆಸರು ಕೇಳಿರ್ತೀರಿ. ಅಲ್ಲಿರೋ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳದ್ದು. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಕಟ್ಟಿದ 61ನೇ ಕ್ಯಾವಲ್ರಿ ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತೆ.

ಆದ್ರೆ ಆ ಪ್ರತಿಮೆ ಇಡೀ ಪಡೆಯ ಗುರುತು. ಒಬ್ಬೊಬ್ಬರ ಹೆಸರು ಬೇಕಂದ್ರೆ ಬೆಂಗಳೂರಿಗೇ ಬರಬೇಕು. ಜೆ.ಸಿ. ನಗರದ ಹತ್ತಿರ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ ಇದೆ. ಆ ಯುದ್ಧದಲ್ಲಿ ಪ್ರಾಣ ಬಿಟ್ಟವರ ಹೆಸರು ಅಲ್ಲಿ ಕೆತ್ತಿದ್ದಾರೆ.

ಆ ಯುದ್ಧ ನಮ್ಮದಾ, ಬ್ರಿಟಿಷರದಾ ಅಂತ ವಾದ ಮಾಡಬಹುದು. ಮಾಡೋಣ. ಸತ್ತವರಂತೂ ನಮ್ಮವರು. ವೀರಗಲ್ಲು ನಿಲ್ಲಿಸಿದವರು ಹೆಸರು ಬರೆಸಿದ್ದು ಯಾರಾದರೂ ಓದಲಿ ಅಂತ ತಾನೇ? ಮುಂದಿನ ಸಲ ಆ ಕಡೆ ಹೋದಾಗ ಎರಡು ನಿಮಿಷ ಗಾಡಿ ನಿಲ್ಲಿಸಿ. ಸೆಲ್ಫಿ ಆಮೇಲೆ. ಮೊದಲು ಒಂದು ಹೆಸರನ್ನ ಬಾಯಿಬಿಟ್ಟು ಓದಿ.

ಮತ್ತೆ ಸಿಗೋಣ.