ಹಡಗಿನಲ್ಲಿ ನೆಟ್ ಪ್ಯಾಕ್: ದುಡ್ಡು ಕಟ್ಟೋ ಮುಂಚೆ

ಅರಸೀಕೆರೆಯಲ್ಲಿ ರೈಲು ಇಳಿದು ಹಳೇಬೀಡು, ಬೇಲೂರು ಕಡೆ ಬಸ್ ಹತ್ತಿದರೆ, ನಮ್ಮ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಹೋಗುತ್ತದೆ. ನಡು ಸಮುದ್ರದಲ್ಲಿ ಟವರೇ ಇಲ್ಲ. ಹಾಗಾದ್ರೆ ಕ್ರೂಸ್ ಹಡಗಿನಲ್ಲಿ ವಾಟ್ಸಾಪ್ ಹೇಗೆ ನಡೆಯುತ್ತೆ?

ಉಪಗ್ರಹದಿಂದ. ಭೂಸ್ಥಿರ ಉಪಗ್ರಹ ಇರೋದು ಸುಮಾರು 36,000 ಕಿ.ಮೀ. ಮೇಲೆ. ಇಸ್ರೋದ ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಸಂದೇಶ ಮೇಲೆ ಹೋಗಿ ಕೆಳಗಿಳಿಯೋಕೆ ಸುಮಾರು 0.24 ಸೆಕೆಂಡ್, ಉತ್ತರ ಬರೋಕೆ ಮತ್ತೆ ಅಷ್ಟೇ. ಎಷ್ಟೇ ದುಬಾರಿ ಪ್ಯಾಕ್ ತಗೊಂಡರೂ ಈ ಅರ್ಧ ಸೆಕೆಂಡ್ ಕಡಿಮೆ ಆಗಲ್ಲ. ಬೆಳಕಿನ ವೇಗಕ್ಕೆ ರೀಚಾರ್ಜ್ ಇಲ್ಲ! ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತೋದರಿಂದ, ಅದಿರುವ ಹಡಗಿನಲ್ಲಿ ವಿಡಿಯೊ ಕಾಲ್ ಅಷ್ಟು ತಡವರಿಸಲ್ಲ. ಆದರೆ ಲಿಂಕ್ ಯಾವುದೇ ಇರಲಿ, ಸಾವಿರಾರು ಜನ ಹಂಚಿಕೊಳ್ಳಬೇಕು.

ಆದ್ದರಿಂದ ಪ್ಯಾಕ್ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ದರ ದಿನಕ್ಕೋ, ಇಡೀ ಪ್ರಯಾಣಕ್ಕೋ? ಎಷ್ಟು ಫೋನ್‌ಗೆ? ಬರೀ ಮೆಸೇಜೋ, ವಿಡಿಯೊ ಕೂಡ ನಡೆಯುತ್ತೋ?

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎಷ್ಟೋ ಹಡಗುಗಳಲ್ಲಿ ಅವರದ್ದೇ ಮೊಬೈಲ್ ನೆಟ್‌ವರ್ಕ್ ಕೂಡ ಇರುತ್ತದೆ. ರೋಮಿಂಗ್ ಆನ್ ಇದ್ದರೆ ಫೋನ್ ತಾನಾಗಿಯೇ ಅದನ್ನು ಹಿಡಿಯಬಹುದು. ಮಾಮೂಲಿ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಅಲ್ಲಿ ನಡೆಯದೇ ಇದ್ದರೆ ಬಿಲ್ ನೋಡಿ ತಲೆ ತಿರುಗುತ್ತೆ. ಬಂದರು ಬಿಡೋ ಮುಂಚೆಯೇ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ.

ಪ್ಯಾಕ್ ಬೇಡ ಅನ್ನಿಸಿದರೆ ಅದೂ ಸರಿಯೇ. ಮುಂದಿನ ಬಂದರು ಯಾವತ್ತು ಬರುತ್ತೆ ಅಂತ ಮನೆಗೆ ಮೊದಲೇ ಹೇಳಿಬಿಡಿ. ಎರಡು ದಿನ ಮೆಸೇಜ್ ಬರದಿದ್ದರೆ ಅಮ್ಮ ಗಾಬರಿಯಾಗೋದು ತಪ್ಪುತ್ತೆ.